ಪಟ್ಟಿಗೆ ಕಲ್ಲಿಟ್ಟರು, ಮಕ್ಕಳನ್ನು ಗಾಳಿಗೆ ಬಿಟ್ಟರು

ಸಂಪಾದಕರಿಗೆ ನಮಸ್ಕಾರ.

ನಾನು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ವಯಸ್ಸು 43. ಬೆಳಿಗ್ಗೆ ಹಾಲು ಅಳೆಯುತ್ತೇನೆ, ಸಂಜೆ ಮತ್ತೆ ಹಾಲು ಅಳೆಯುತ್ತೇನೆ. ನಡುವಿನ ಹೊತ್ತಿನಲ್ಲಿ ವಾರಕ್ಕೆ ಮೂರು ದಿನ ಅಂತರಗಂಗೆ ಬೆಟ್ಟ ಹತ್ತಿ ಓಡುತ್ತೇನೆ. ಐದು ವರ್ಷದ ಹಿಂದೆ ಡಾಕ್ಟರ್ ‘ಶುಗರ್ ಬಾರ್ಡರ್‌ನಲ್ಲಿದೆ’ ಅಂದರು. ಮೊದಲು ನಡೆದೆ. ಆಮೇಲೆ ಅಲ್ಲಲ್ಲಿ ಓಡಿದೆ. ಈಗ ಬಿಡು ಅಂದರೂ ಬಿಡಲು ಆಗುವುದಿಲ್ಲ. ಭಾನುವಾರ ನನ್ನ ಜೊತೆ ಊರಿನ ಆರು ಹೆಣ್ಣುಮಕ್ಕಳು ಬರುತ್ತಾರೆ. ಅವರಲ್ಲಿ ಒಬ್ಬಳು ನನ್ನ ಮಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ‘ಮಗಳು ಸೋತಳು ಅಂತ ಬರೆದಿದ್ದಾಳೆ’ ಅನ್ನಬಾರದು.

ಈ ಆಷಾಢದಲ್ಲಿ ನಮ್ಮ ಕಡೆಯ ಒಂದು ಬೆಟ್ಟದಲ್ಲಿ ಶಾಲಾ ಹುಡುಗಿಯರಿಗೆ ಓಟದ ಆಯ್ಕೆ ನಡೆಯಿತು. ನಡೆಸಿದವರು ಯಾರು ಅಂತ ಬರೆಯುವುದಿಲ್ಲ, ಅವರ ಮೇಲೆ ನನಗೆ ದ್ವೇಷ ಇಲ್ಲ. ಬುಡದಿಂದ ಬೆಟ್ಟದ ನೆತ್ತಿಯ ಬಂಡೆ ಮುಟ್ಟಿ ವಾಪಸ್ ಬರಬೇಕು. ಬಂದಿದ್ದವರು 22 ಹುಡುಗಿಯರು, ಬೇಕಾಗಿದ್ದವರು 8. ಪಟ್ಟಣದ 12 ಹುಡುಗಿಯರು ಬೆಳಿಗ್ಗೆ ಆರೂಮುಕ್ಕಾಲಿಗೇ ಹಾಜರಿದ್ದರು, ಅವರನ್ನು ಓಡಿಸಿದರು. ಹಳ್ಳಿಯ 10 ಹುಡುಗಿಯರು ಬಸ್ಸು ಹಿಡಿದು ಬರುವಷ್ಟರಲ್ಲಿ ಒಂಬತ್ತೂವರೆ. ಭಾಷಣ, ತಿಂಡಿ ಮುಗಿಸಿ ಅವರನ್ನು ಬಿಟ್ಟಾಗ ಹತ್ತೂವರೆ ದಾಟಿತ್ತು.

ಆರೂಮುಕ್ಕಾಲಿಗೆ ಶಾಮಿಯಾನದ ಬಟ್ಟೆ ಒಣಗಲು ಹಾಕಿದ ಸೀರೆಯ ಹಾಗೆ ನೆಟ್ಟಗೆ ಇಳಿಬಿದ್ದಿತ್ತಂತೆ. ಹತ್ತೂವರೆಗೆ ಅದೇ ಶಾಮಿಯಾನದ ಹಗ್ಗವನ್ನು ಜೀಪಿಗೆ ಕಟ್ಟಿದ್ದನ್ನು ನಾನೇ ನೋಡಿದೆ. ಬ್ಯಾನರ್ ಒಂದು ಕಡೆ ಕಿತ್ತುಕೊಂಡು ಪಟಪಟ ಬಡಿಯುತ್ತಿತ್ತು. ಟೈಮ್ ಬರೆಯುವವರು ಹೆಸರಿನ ಪಟ್ಟಿ ಹಾರಿಹೋಗದಿರಲಿ ಅಂತ ಮುಷ್ಟಿ ಗಾತ್ರದ ಎರಡು ಕಲ್ಲು ಹುಡುಕಿ ತಂದು ಹಾಳೆಯ ಮೇಲಿಟ್ಟರು. ಗಾಳಿ ಇದೆ ಅನ್ನುವುದು ಪಟ್ಟಿಯ ಮಟ್ಟಿಗೆ ಅವರಿಗೆ ಗೊತ್ತಿತ್ತು.

ಎರಡೂ ಗುಂಪಿನ ಟೈಮನ್ನು ಒಂದೇ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಜೋಡಿಸಿದರು. ಆಯ್ಕೆಯಾದ 8 ಜನರಲ್ಲಿ 7 ಮಂದಿ ಬೆಳಗಿನ ಗುಂಪಿನವರು. ನನ್ನ ಮಗಳು 17ನೆಯವಳು. ಗಾಳಿ ಇಲ್ಲದಿದ್ದರೂ ಅವಳು ಆಯ್ಕೆ ಆಗುತ್ತಿರಲಿಲ್ಲ, ಅವಳಿಗೂ ಗೊತ್ತು, ನನಗೂ ಗೊತ್ತು. ನನಗೆ ಸಂಕಟ ಆಗಿದ್ದು ಇನ್ನೊಬ್ಬಳಿಗೆ. ದಿನಾ ಬೆಳಿಗ್ಗೆ ನಮ್ಮ ಸಂಘಕ್ಕೆ ಆರು ಲೀಟರ್ ಹಾಲು ತಂದು ಹಾಕಿ ಶಾಲೆಗೆ ಓಡುವ ಹುಡುಗಿ. ಹಳ್ಳಿ ಗುಂಪಿನಲ್ಲಿ ಎರಡನೆಯವಳಾಗಿ ಬಂದಳು. ಒಟ್ಟು ಪಟ್ಟಿಯಲ್ಲಿ 9ನೆಯವಳು. ತಪ್ಪಿದ್ದು 6 ಸೆಕೆಂಡಿನಲ್ಲಿ.

ನಾನು ಹೋಗಿ ಕೇಳಿದೆ. ‘ಗಾಳಿ ಎಲ್ಲರಿಗೂ ಒಂದೇ ಅಲ್ವಾ ಮೇಡಂ’ ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, ‘ಹೋಗುವಾಗ ಎದುರು ಬಂದರೆ ಬರುವಾಗ ಹಿಂದಿನಿಂದ ತಳ್ಳುತ್ತೆ, ಅಲ್ಲಿಗಲ್ಲಿಗೆ ಸರಿ’ ಅಂದರು. ಆ ಎರಡು ಮಾತಿಗೆ ಉತ್ತರವಾಗಿಯೇ ಈ ಪತ್ರ. ಅವತ್ತು ಅಲ್ಲೇ ಹೇಳಲು ನನಗೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಎಲ್ಲಾ ನೆನಪಾಯಿತು, ಯಾವಾಗಲೂ ಹಾಗೇ.

ಮೊದಲನೆಯದು, ಗಾಳಿ ಎಲ್ಲರಿಗೂ ಒಂದೇ ಅಲ್ಲ. ಬೆಳಿಗ್ಗೆ ಆರೂಮುಕ್ಕಾಲಿನ ಗಾಳಿಯೇ ಬೇರೆ, ಹತ್ತೂವರೆಯ ಗಾಳಿಯೇ ಬೇರೆ. ಆಷಾಢದಲ್ಲಿ ಮೇಲೆ ಮೋಡ ಓಡುವುದನ್ನು ನೋಡಿ. ರಾತ್ರಿಯೂ ಓಡುತ್ತದೆ, ಬೆಳಿಗ್ಗೆಯೂ ಓಡುತ್ತದೆ. ಮಳೆಯಂತೂ ನಮಗೆ ಬೀಳುವುದಿಲ್ಲ, ಸುಮ್ನೆ ಆಸೆ ತೋರಿಸಿಕೊಂಡು ಹೋಗುತ್ತದೆ. ಅಂದರೆ ಮೇಲೆ ಜೋರು ಗಾಳಿ ಯಾವಾಗಲೂ ಇರುತ್ತದೆ. ರಾತ್ರಿ ನೆಲ ತಣ್ಣಗಾದಾಗ ನೆಲದ ಹತ್ತಿರದ ತಂಪು ಗಾಳಿ ಒಂದು ಪದರದ ಹಾಗೆ ಕೆಳಗೇ ಕೂತುಬಿಡುತ್ತದೆ, ಮೇಲಿನದು ಇಳಿಯುವುದಿಲ್ಲ. ಬಿಸಿಲು ಬಿದ್ದು ನೆಲ ಕಾದ ಮೇಲೆ ಕೆಳಗಿನ ಗಾಳಿ ಮೇಲೇರುತ್ತದೆ, ಮೇಲಿನ ಜೋರು ಗಾಳಿ ಕೆಳಗಿಳಿಯುತ್ತದೆ. ಅದಕ್ಕೇ ಒಂಬತ್ತು ಹತ್ತರ ಮೇಲೆ ನಮ್ಮ ಕಡೆ ಗಾಳಿ ಏಳುವುದು. ಇದನ್ನು ನನಗೆ ಬಿಡಿಸಿ ಹೇಳಿದವನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನನ್ನ ತಮ್ಮ. ಆದರೆ ಗಾಳಿಪಟ ಬಿಡುವ ಹುಡುಗರಿಗೆ ಯಾವ ಭೌತಶಾಸ್ತ್ರವೂ ಬೇಕಾಗಿಲ್ಲ. ಅವರು ಬೆಳಿಗ್ಗೆ ಆರಕ್ಕೆ ದಾರ ಸುತ್ತಿಕೊಂಡು ಹೊರಡುತ್ತಾರಾ?

ಎರಡನೆಯ ಮಾತು, ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ ಅನ್ನುವುದು. ಇದು ಇನ್ನೂ ದೊಡ್ಡ ತಪ್ಪು. ಲೆಕ್ಕ ಹಾಕಿ ನೋಡೋಣ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹುಡುಗಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಏರು ಹತ್ತುತ್ತಿದ್ದಾಳೆ ಅಂತಿಟ್ಟುಕೊಳ್ಳಿ. ಗಾಳಿ ಇಲ್ಲದಿದ್ದರೆ ಅವಳ ಮುಖಕ್ಕೆ ಬಡಿಯುವುದು ಆ 8 ಕಿಲೋಮೀಟರ್ ವೇಗ ಮಾತ್ರ, ಅದು ಗೊತ್ತೂ ಆಗುವುದಿಲ್ಲ. ಎದುರಿನಿಂದ 30 ಕಿಲೋಮೀಟರ್ ವೇಗದ ಗಾಳಿ ಬಂದರೆ ಬಡಿಯುವುದು 38. ತಡೆ ಎಷ್ಟು ಪಟ್ಟು ಆಯಿತು? 22 ಪಟ್ಟಿಗಿಂತ ಜಾಸ್ತಿ. ಏರು ಹತ್ತುವ ಕಷ್ಟದ ಮೇಲೆ ಇದು ಬೇರೆ.

ಸರಿ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಆದರೆ ಆಗ ಅವಳು ಇಳಿಯುತ್ತಿದ್ದಾಳೆ! ಕಾಲಿನ ಕೆಳಗೆ ಜಾರುವ ಮರಳು, ಸಣ್ಣ ಕಲ್ಲು, ಅಕ್ಕಪಕ್ಕ ಬಂಡೆ. ಅಲ್ಲಿ ಯಾರಿಗೆ ಬೇಕು ತಳ್ಳಿಸಿಕೊಳ್ಳುವುದು? ಇಳಿಜಾರಿನಲ್ಲಿ ಓಡುವುದು ಅಂದರೆ ಅರ್ಧ ಕೆಲಸ ಬ್ರೇಕ್ ಹಾಕುವುದೇ. ಹಿಂದಿನಿಂದ ಗಾಳಿ ತಳ್ಳಿದರೆ ಇನ್ನಷ್ಟು ಬ್ರೇಕ್ ಹಾಕಬೇಕು, ತೊಡೆ ಇನ್ನಷ್ಟು ನೋಯಬೇಕು. ಸಮ ನೆಲದ ರಸ್ತೆಯಲ್ಲೇ ಎದುರು ಗಾಳಿ ಕಿತ್ತುಕೊಂಡಷ್ಟನ್ನು ಹಿಂಗಾಳಿ ವಾಪಸ್ ಕೊಡುವುದಿಲ್ಲ. ಬೆಟ್ಟದಲ್ಲಂತೂ ಕೇಳಲೇಬೇಡಿ.

ಇನ್ನೊಂದು ವಿಷಯ. ತೂಕ ಕಡಿಮೆ ಇರುವವರಿಗೆ ಗಾಳಿಯ ಪೆಟ್ಟು ಜಾಸ್ತಿ. ನಮ್ಮ ಹಾಲಿನ ಹುಡುಗಿ 36 ಕೆ.ಜಿ. ಇದ್ದಾಳೆ. ಅವಳಿಗೆ ಅವತ್ತು ಕೊಟ್ಟಿದ್ದ ಟಿ-ಶರ್ಟ್ ನನಗೂ ಆಗುವಂಥದ್ದು. ಅವಳು ನೆತ್ತಿ ಹತ್ತುವಾಗ ಆ ಟಿ-ಶರ್ಟ್ ಹಿಂದೆ ಬಲೂನಿನ ಹಾಗೆ ಉಬ್ಬಿದ್ದು ಕೆಳಗಿನಿಂದಲೇ ಕಾಣುತ್ತಿತ್ತು. ನನಗೆ ಅದರ ಅನುಭವ ಇದೆ. ಮೊದಲ ವರ್ಷ ನಾನು ಚೂಡಿದಾರ್‌ ಮೇಲೆ ವೇಲ್ ಹಾಕಿಕೊಂಡೇ ಓಡುತ್ತಿದ್ದೆ, ಯಾರಾದರೂ ಏನಾದರೂ ಅಂದುಕೊಂಡರೆ ಅಂತ. ಒಂದು ದಿನ ನೆತ್ತಿಯ ಮೇಲೆ ವೇಲ್ ಹಾಯಿಯ ಹಾಗೆ ಬಿಚ್ಚಿಕೊಂಡು ಕುತ್ತಿಗೆಗೆ ಉರುಲಾಗಿ ಎಳೆಯಿತು. ಅವತ್ತಿನಿಂದ ಅದನ್ನು ಸೊಂಟಕ್ಕೆ ಬಿಗಿದು ಕಟ್ಟುತ್ತೇನೆ. ಅಂದುಕೊಳ್ಳುವವರು ಅಂದುಕೊಳ್ಳಲಿ.

ಓಟದ ದೊಡ್ಡ ಮೈದಾನಗಳಲ್ಲಿ ಇದನ್ನೆಲ್ಲಾ ಒಪ್ಪಿಕೊಂಡಿದ್ದಾರೆ. 100 ಮೀಟರ್, 200 ಮೀಟರ್ ಓಟ, ಉದ್ದ ಜಿಗಿತ, ತ್ರಿವಿಧ ಜಿಗಿತದಲ್ಲಿ ಹಿಂಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಲೆಕ್ಕಕ್ಕಿಲ್ಲ. ಸೆಕೆಂಡಿಗೆ 2 ಮೀಟರ್ ಅಂದರೆ ಗಂಟೆಗೆ 7 ಕಿಲೋಮೀಟರ್ ಚಿಲ್ಲರೆ, ನಮ್ಮ ಆಷಾಢಕ್ಕೆ ಅದು ಬೀಸಣಿಗೆ. 2011ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕೀನ್ಯಾದ ಜೆಫ್ರಿ ಮುಟೈ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರು. ಅಷ್ಟು ಬೇಗ ಅಲ್ಲಿಯವರೆಗೆ ಯಾರೂ ಮ್ಯಾರಥಾನ್ ಓಡಿರಲಿಲ್ಲ. ಆದರೂ ವಿಶ್ವದಾಖಲೆ ಅಂತ ಬರೆದುಕೊಳ್ಳಲಿಲ್ಲ. ಆ ದಾರಿ ಒಂದೂರಿಂದ ಹೊರಟು ಇನ್ನೊಂದೂರಲ್ಲಿ ಮುಗಿಯುತ್ತದೆ, ಇಳಿಜಾರೂ ಜಾಸ್ತಿ, ಅಂಥ ದಾರಿಯ ಟೈಮ್ ದಾಖಲೆಗೆ ನಡೆಯುವುದಿಲ್ಲ. ಅವತ್ತು ಹಿಂಗಾಳಿಯೂ ಚೆನ್ನಾಗಿ ಬೀಸಿತ್ತು. ಅಷ್ಟು ದೊಡ್ಡ ಓಟಗಾರನ ಟೈಮನ್ನೇ ದಾರಿ ನೋಡಿ ಪಕ್ಕಕ್ಕೆ ಇಡುವುದಾದರೆ, ನಮ್ಮ ಮಕ್ಕಳ ಟೈಮ್ ಬರೆಯುವಾಗ ಒಂದು ಸಲ ತಲೆ ಎತ್ತಿ ಮರ ನೋಡಬಾರದಾ?

ನನ್ನ ಕಸುಬಿನ ಮಾತು ಹೇಳುತ್ತೇನೆ. ನೀರು ಬೆರೆತಿದೆಯಾ ಅಂತ ನೋಡಲು ಹಾಲಿನಲ್ಲಿ ತೇಲುವ ಲ್ಯಾಕ್ಟೋಮೀಟರ್ ಇಳಿಬಿಟ್ಟು ಓದುತ್ತೇವೆ. ಕರೆದ ತಕ್ಷಣದ ಬಿಸಿ ಹಾಲಿನಲ್ಲಿ ಅದು ಹೆಚ್ಚು ಮುಳುಗುತ್ತದೆ, ಓದು ಕಡಿಮೆ ಬರುತ್ತದೆ. ಹಾಗಂತ ‘ನೀರು ಹಾಕಿದ್ದೀಯಾ’ ಅಂತ ಆ ಹೆಂಗಸಿನ ಮೇಲೆ ಕೂಗುತ್ತೇವಾ? ಥರ್ಮಾಮೀಟರ್ ಇಟ್ಟು, ಬಿಸಿ ಎಷ್ಟಿದೆ ನೋಡಿ, ಓದನ್ನು ತಿದ್ದಿ, ಆಮೇಲೆ ಪುಸ್ತಕದಲ್ಲಿ ಬರೆಯುತ್ತೇವೆ. ತಿದ್ದದೆ ಬರೆದರೆ ಮಾರನೇ ದಿನ ನನ್ನ ಕಿಟಕಿಯ ಮುಂದೆ ಜಗಳ. ಆರು ಲೀಟರ್ ಹಾಲಿಗೆ ಇರುವ ಈ ನ್ಯಾಯ ಆ ಹಾಲು ತರುವ ಹುಡುಗಿಗೆ ಯಾಕಿಲ್ಲ?

ಇಷ್ಟು ಹೇಳಿದರೆ ಕೆಲವರು, ‘ಹಾಗಾದರೆ ಆಷಾಢದಲ್ಲಿ ಬೆಟ್ಟದ ಓಟವೇ ಬೇಡ, ಮಕ್ಕಳು ಮನೆಯಲ್ಲಿರಲಿ’ ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆಷಾಢಕ್ಕೆ ತವರಿಗೆ ಹೋಗಲು ಇವರೇನು ಹೊಸ ಸೊಸೆಯರಲ್ಲ. ಗಾಳಿಯಲ್ಲಿ ಅಭ್ಯಾಸ ಮಾಡಲೇಬೇಕು. ಆದರೆ ಅದಕ್ಕೊಂದು ರೀತಿ ಇದೆ, ನಾನು ಬಿದ್ದು ಎದ್ದು ಕಲಿತದ್ದು.

ನಮ್ಮ ಬೆಟ್ಟದ ವಿಚಾರವನ್ನೇ ತೆಗೆದುಕೊಳ್ಳಿ. ಅಂತರಗಂಗೆ ಸೇರಿದ ಶತಶೃಂಗ ಬೆಟ್ಟಗಳ ಸಾಲು ಇರುವುದು ಕೋಲಾರ ಊರಿನ ಪಡುವಲಿಗೆ. ಆಷಾಢದ ಗಾಳಿ ಬರುವುದೂ ಪಡುವಲಿಂದಲೇ. ಹಾಗಾಗಿ ನಾವು ಊರ ಕಡೆಯಿಂದ ಅಂತರಗಂಗೆ ಮೆಟ್ಟಿಲು ಹತ್ತುವಾಗ ಬೆಟ್ಟವೇ ಅಡ್ಡ ನಿಂತಿರುತ್ತದೆ. ಗಾಳಿಯೇ ಇಲ್ಲ ಅನಿಸುತ್ತದೆ. ಕೋತಿಗಳೂ ಮೆಟ್ಟಿಲ ಮೇಲೆ ಆರಾಮಾಗಿ ಕೂತಿರುತ್ತವೆ. ಗುಡಿಯ ಕಲ್ಲಿನ ಬಸವಣ್ಣನ ಬಾಯಿಂದ ಬರುವ ನೀರು ನೆಟ್ಟಗೆ ಕೆಳಗೆ ಬೀಳುತ್ತಿರುತ್ತದೆ. ಗುಡಿ ದಾಟಿ ಮೇಲಿನ ಬಂಡೆಗಳ ಸಂದಿ ಹಿಡಿದಾಗ ಮೊದಲು ಶಬ್ದ ಕೇಳುತ್ತದೆ, ದೂರದಲ್ಲಿ ಲಾರಿ ಬರುವ ಹಾಗೆ. ಎರಡು ಬಂಡೆಗಳ ನಡುವೆ ಗಾಳಿ ಒತ್ತಿಕೊಂಡು ಬರುವುದರಿಂದ ಅಲ್ಲಿ ಅದರ ವೇಗ ಜಾಸ್ತಿ. ನಿಂಬೆಹುಲ್ಲು ಪೂರ್ತಿ ನೆಲಕ್ಕೆ ಮಲಗಿರುತ್ತದೆ, ಅದರ ವಾಸನೆ ಮೂಗಿಗೆ ಹೊಡೆಯುತ್ತದೆ. ನೆತ್ತಿಗೆ ಬಂದ ಕೂಡಲೇ ಎದೆಗೆ ಕೈಯಿಟ್ಟು ತಳ್ಳಿದ ಹಾಗೆ ಆಗುತ್ತದೆ. ಮೊದಲ ಸಲ ಬಂದ ಮಕ್ಕಳು ಅಲ್ಲಿ ಕಿರುಚಿ ನಗುತ್ತಾರೆ. ಆಮೇಲೆ ಬೆಟ್ಟದ ಮೇಲಿರುವ ತೇರಹಳ್ಳಿ ಊರಿನ ಕಡೆಗೆ ಓಡಿ ಅಂದರೆ ನಗು ನಿಲ್ಲುತ್ತದೆ.

ಅಲ್ಲೇ ಒಂದು ದಿನ ಒಬ್ಬ ಅಜ್ಜಿಯನ್ನು ನೋಡಿದೆ. ತಲೆ ಮೇಲೆ ಹುಲ್ಲಿನ ಹೊರೆ. ನಾನು ತಲೆ ತಗ್ಗಿಸಿ, ಹಲ್ಲು ಕಚ್ಚಿ, ಗಾಳಿಯನ್ನು ಗುದ್ದಿಕೊಂಡು ಹೋಗುತ್ತಿದ್ದೆ. ಅಜ್ಜಿ ಹಾಗೆ ಮಾಡಲಿಲ್ಲ. ಜೋರಾಗಿ ಬೀಸಿದಾಗ ಒಂದು ಭುಜ ಮುಂದೆ ಮಾಡಿ ಓರೆಯಾಗಿ ನಿಂತಳು. ಮಂಡಿ ಸ್ವಲ್ಪ ಬಗ್ಗಿಸಿದಳು. ಬೀಸು ಕಡಿಮೆಯಾದ ತಕ್ಷಣ ಪುಟಪುಟ ಅಂತ ಎಂಟು ಹತ್ತು ಹೆಜ್ಜೆ ಹಾಕಿದಳು. ಮತ್ತೆ ಬೀಸಿತು, ಮತ್ತೆ ಓರೆಯಾದಳು. ನನ್ನನ್ನು ನೋಡಿ, ‘ಅದು ಹೋಗ್ಲಿ ಬಿಡು, ಆಮೇಲೆ ನೀನು ಹೋಗು’ ಅಂದಳು. ಓಡುವವಳು ನಾನು, ಊರು ಮೊದಲು ಸೇರಿದ್ದು ಅಜ್ಜಿ.

ಈಗ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತೇನೆ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ. ಸೊಂಟದಿಂದ ಮುರಿದು ಬಗ್ಗಬೇಡಿ, ಹಿಮ್ಮಡಿಯಿಂದಲೇ ಮೈ ಮುಂದಕ್ಕೆ ವಾಲಲಿ. ಬೀಸು ಬಂದಾಗ ನಿಧಾನ ಮಾಡಿದರೆ ನಾಚಿಕೆ ಇಲ್ಲ. ಗಾಳಿಯ ದಿನ ಎಲ್ಲರ ವಾಚನ್ನೂ ಬಿಚ್ಚಿಸಿ ನನ್ನ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲೇ ಇದೆ: ಅದೇ ದಾರಿ ಫೆಬ್ರವರಿಯ ಒಂದು ಬೆಳಿಗ್ಗೆ 31 ನಿಮಿಷ, ಆಷಾಢದ ಒಂದು ಹತ್ತು ಗಂಟೆಗೆ 36 ನಿಮಿಷ. ಏದುಸಿರು ಎರಡೂ ದಿನ ಒಂದೇ. ವಾಚ್ ಇದ್ದಿದ್ದರೆ ಆ 31ರ ಹಿಂದೆ ಬಿದ್ದು ಅರ್ಧ ದಾರಿಯಲ್ಲೇ ಸುಸ್ತಾಗಿ ಕೂರುತ್ತಿದ್ದೆ. ಉಸಿರೇ ಅಳತೆ. ಓಡುತ್ತಾ ಪಕ್ಕದವಳಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆದರೆ ಸರಿ, ಎರಡು ಪದಕ್ಕೆ ಬಾಯಿ ಕಟ್ಟಿದರೆ ಜಾಸ್ತಿ ಆಯಿತು ಅಂತ.

ನೆತ್ತಿಯ ಮೇಲೆ ಬಯಲು ಸಿಕ್ಕಾಗ ಸಾಲಾಗಿ ಓಡುತ್ತೇವೆ, ಒಬ್ಬರ ಬೆನ್ನ ಹಿಂದೆ ಒಬ್ಬರು. 1953ರ ಎವರೆಸ್ಟ್ ತಂಡದ ಜೊತೆ ಹೋಗಿದ್ದ ಗ್ರಿಫಿತ್ ಪ್ಯೂ ಅನ್ನುವ ವಿಜ್ಞಾನಿ ಆಮೇಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ, ಗಾಳಿ ಬಿಟ್ಟು ಅಳೆದಿದ್ದರು. 1971ರಲ್ಲಿ ಬರೆದರು: ಮುಂದಿನವನ ಹಿಂದೆ 1 ಮೀಟರ್ ಅಂತರದಲ್ಲಿ ಓಡಿದರೆ ಗಾಳಿಯ ತಡೆ ಹೆಚ್ಚುಕಡಿಮೆ ಇಲ್ಲವೇ ಆಗುತ್ತದೆ, ಮಧ್ಯಮ ದೂರದ ಓಟದ ವೇಗದಲ್ಲಿ ದೇಹ ಬಳಸುವ ಆಮ್ಲಜನಕ ಶೇ 6.5ರಷ್ಟು ಕಡಿಮೆ ಆಗುತ್ತದೆ ಅಂತ. ನಾವು 200 ಹೆಜ್ಜೆಗೊಮ್ಮೆ ಮುಂದಿನವಳನ್ನು ಬದಲಾಯಿಸುತ್ತೇವೆ. ಎಲ್ಲರಿಗೂ ಕೊನೆಯಲ್ಲಿರಲು ಇಷ್ಟ. ನನ್ನ ಬೆನ್ನು ಅಗಲ ಇರುವುದರಿಂದ ನನ್ನ ಹಿಂದಿನ ಜಾಗಕ್ಕೆ ಜಗಳ ಆಡುತ್ತಾರೆ.

ಭಯ ಇರಬೇಕಾದ ಕಡೆ ಭಯವೂ ಇರಬೇಕು. ಸಣ್ಣ ಕೊಂಬೆ ಅಲ್ಲಾಡಿ ಧೂಳು, ಕಾಗದ ಏಳುತ್ತಿದ್ದರೆ ಗಂಟೆಗೆ 20ರಿಂದ 28 ಕಿಲೋಮೀಟರ್, ಓಡಬಹುದು. ದೊಡ್ಡ ಕೊಂಬೆಗಳೇ ತೂಗಾಡಿ ಕೊಡೆ ಹಿಡಿಯಲು ಆಗದಿದ್ದರೆ ಅದು 40ರ ಹತ್ತಿರ ಅಥವಾ ಮೇಲೆ. ಆ ದಿನ ನಾವು ನೆತ್ತಿಗೆ ಹೋಗುವುದಿಲ್ಲ, ಮೆಟ್ಟಿಲಲ್ಲೇ ನಾಲ್ಕು ಸಲ ಹತ್ತಿ ಇಳಿದು ಮನೆಗೆ. ಬಂಡೆಯಿಂದ ಬಂಡೆಗೆ ಜಿಗಿಯುವುದು ಗಾಳಿಯ ದಿನ ಪೂರ್ತಿ ನಿಷೇಧ. ನೀಲಗಿರಿ ತೋಪಿನೊಳಗೂ ಹೋಗುವುದಿಲ್ಲ, ಕೊಂಬೆ ಯಾವಾಗ ಲಟಕ್ ಅನ್ನುತ್ತದೋ ಹೇಳಲು ಆಗುವುದಿಲ್ಲ. ಇನ್ನು ಬೆವರು. ಗಾಳಿಗೆ ಬೆವರು ಕೂಡಲೇ ಆರುತ್ತದೆ, ಮಕ್ಕಳು ‘ಬೆವರಲೇ ಇಲ್ಲ ಆಂಟಿ’ ಅಂತ ನೀರು ಕುಡಿಯುವುದಿಲ್ಲ. ನಿಂತ ಎರಡೇ ನಿಮಿಷಕ್ಕೆ ನಡುಗುತ್ತಾರೆ. ಅದಕ್ಕೆ ಒಂದು ತೆಳು ಜಾಕೆಟ್, ಒಂದು ಬಾಟಲ್ ನೀರು ಇಲ್ಲದೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಆಯ್ಕೆಯ ದಿನ ಹಳ್ಳಿ ಗುಂಪಿನ ಹುಡುಗಿಯರು ಓಡಿ ಬಂದು ಒದ್ದೆ ಟಿ-ಶರ್ಟಿನಲ್ಲೇ ಮುಕ್ಕಾಲು ಗಂಟೆ ಫಲಿತಾಂಶಕ್ಕೆ ಕಾದರು. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ.

ನಮ್ಮಪ್ಪ ಕಣದಲ್ಲಿ ರಾಗಿ ತೂರುವಾಗ ಮೊರ ಎತ್ತಿ ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಬಂದ ಗಾಳಿಗೆಲ್ಲಾ ಅವರು ತೂರುತ್ತಿರಲಿಲ್ಲ. ಒಂದೇ ಸಮ ಬೀಸುವವರೆಗೆ ಕಾಯುತ್ತಿದ್ದರು. ಒಂದು ಮೊರಕ್ಕೆ ಗಾಳಿ ಇಲ್ಲದೆ, ಇನ್ನೊಂದು ಮೊರಕ್ಕೆ ಬಿರುಗಾಳಿ ಬಂದರೆ ಮೊದಲನೆಯದರಲ್ಲಿ ಹೊಟ್ಟೂ ಕಾಳಿನ ಜೊತೆ ಉಳಿಯುತ್ತದೆ, ಎರಡನೆಯದರಲ್ಲಿ ಕಾಳೂ ಹೊಟ್ಟಿನ ಜೊತೆ ಹೋಗುತ್ತದೆ. ಪಟ್ಟಣದ ಹುಡುಗಿಯರನ್ನು ಹೊಟ್ಟು ಅನ್ನುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಅವರೂ ಚೆನ್ನಾಗಿಯೇ ಓಡಿದರು. ಮೊದಲು ಬಂದವಳನ್ನು ನಾನೇ ಹೋಗಿ ಕೈಕುಲುಕಿ ಮಾತಾಡಿಸಿದೆ.

ನನ್ನ ಕೋರಿಕೆ ದೊಡ್ಡದೇನಲ್ಲ. ಯಂತ್ರ ತನ್ನಿ, ದುಡ್ಡು ಖರ್ಚು ಮಾಡಿ ಅನ್ನುತ್ತಿಲ್ಲ. ಬೆಟ್ಟದಲ್ಲಿ ಆಯ್ಕೆ ಮಾಡುವುದಾದರೆ ಎಲ್ಲರನ್ನೂ ಒಂದೇ ಹೊತ್ತಿಗೆ ಬಿಡಿ. ಹಳ್ಳಿ ಬಸ್ಸು ಬರುವವರೆಗೆ ಕಾಯಿರಿ. ಕಾಯಲು ಆಗದಿದ್ದರೆ ಎರಡು ಗುಂಪಿನ ಟೈಮನ್ನು ಒಂದೇ ಪಟ್ಟಿಗೆ ಸೇರಿಸಬೇಡಿ. ಆ ಗುಂಪಿನಲ್ಲಿ ಮೊದಲ ನಾಲ್ಕು, ಈ ಗುಂಪಿನಲ್ಲಿ ಮೊದಲ ನಾಲ್ಕು ಅಂತ ತೆಗೆದುಕೊಳ್ಳಿ. ಶುರುವಿನಲ್ಲೂ ನೆತ್ತಿಯಲ್ಲೂ ಒಂದೊಂದು ಕೋಲಿಗೆ ರಿಬ್ಬನ್ ಕಟ್ಟಿ, ಅದು ಹೇಗಿತ್ತು ಅಂತ ಟೈಮಿನ ಪಕ್ಕ ಒಂದು ಸಾಲು ಬರೆಯಿರಿ. ಮೈಗೆ ಸರಿಯಾದ ಅಳತೆಯ ಅಂಗಿ ಕೊಡಿ, ಅಥವಾ ಅವರ ಅಂಗಿಯಲ್ಲೇ ಓಡಲು ಬಿಡಿ.

ಇದೇ ಸಂಚಿಕೆ ಓದುವ ತರಬೇತುದಾರರು, ಪಿ.ಟಿ. ಮೇಷ್ಟ್ರು, ಮೇಡಂಗಳು ಯಾರಾದರೂ ಇದ್ದರೆ ಯಾವ ಭಾನುವಾರ ಬೇಕಾದರೂ ಬನ್ನಿ. ಹಾಲಿನ ಲೆಕ್ಕ ಮುಗಿಸಿ ಒಂಬತ್ತೂವರೆಗೆ ಅಂತರಗಂಗೆ ಮೆಟ್ಟಿಲ ಬುಡದಲ್ಲಿರುತ್ತೇವೆ. ನಿಮ್ಮ ಸ್ಟಾಪ್‌ವಾಚನ್ನೂ ತನ್ನಿ. ನೆತ್ತಿ ತಲುಪುವವರೆಗೆ ಅದು ನನ್ನ ಚೀಲದಲ್ಲಿರುತ್ತದೆ. ಹಾಲಿನ ಹುಡುಗಿಯೂ ಬರುತ್ತಾಳೆ. ಆಯ್ಕೆ ಮುಗಿದ ಮಾರನೇ ಬೆಳಿಗ್ಗೆಯೂ ಎಂದಿನ ಹಾಗೆ ಆರು ಲೀಟರ್ ತಂದಿದ್ದಳು. ಲ್ಯಾಕ್ಟೋಮೀಟರ್ ಬಿಡುವ ಮೊದಲು, ‘ಬಿಸಿ ನೋಡಿ ಆಂಟಿ’ ಅಂದಳು.

ಇಂತಿ,
ಹಾಲಿನ ಸಂಘದ ಕಾರ್ಯದರ್ಶಿ,
ಕೋಲಾರ ತಾಲ್ಲೂಕು